ಪಟಾನ್‌ಚೆರುವಿನ ಮನೆಕೂಟಕ್ಕೆ ಒಂದು ಕಾಗದ

ಬೀದರ್

ಕರ್ತನಲ್ಲಿ ಪ್ರಿಯಳಾದ ಮಗಳಿಗೆ,

ಗುರುವಾರದ ಕೂಟಕ್ಕೆ ಈಗ ಮೂವತ್ತರ ಹತ್ತಿರ ಜನ ಬರುತ್ತಿದ್ದಾರೆ, ಒಳಗೆ ಚಾಪೆ ಸಾಲದೆ ಮೆಟ್ಟಿಲ ಮೇಲೂ ಕೂರುತ್ತಿದ್ದಾರೆ ಎಂದು ನೀನು ಹೇಳಿದ ದಿನ ನಾನೂ ನಿನ್ನ ಕಾಕೂನೂ ಊಟಕ್ಕೆ ಮುಂಚೆ ಅದಕ್ಕಾಗಿಯೇ ಸ್ತೋತ್ರ ಸಲ್ಲಿಸಿದೆವು. ಮೂರು ಕುಟುಂಬಗಳಿಂದ ಶುರುವಾದ ಕೂಟ ಅದು. ಆದರೆ ಎರಡು ಕೂಟ ಮಾಡೋಣ ಅಂದಾಗ ಎಲ್ಲರ ಮುಖ ಸಪ್ಪಗಾಯಿತು, ಒಬ್ಬಿಬ್ಬರು ಕಣ್ಣೀರು ಹಾಕಿದರು, ನಾನೂ ಸುಮ್ಮನಾದೆ ಅಂದೆಯಲ್ಲ, ಆ ಮಾತು ಫೋನಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಕಣ್ಣೀರನ್ನು ಹಗುರವಾಗಿ ತಗೋಬೇಡ. ಅವರೆಲ್ಲ ಭಾಲ್ಕಿ, ಔರಾದ್, ಹುಮನಾಬಾದ್ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಪಾಶಮೈಲಾರಂ, ಇಸ್ನಾಪುರದ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ಜೊತೆ ಹಿಂದಿ, ಕಿರಾಣಿ ಅಂಗಡಿಯಲ್ಲಿ ತೆಲುಗು, ಮಕ್ಕಳ ಸ್ಕೂಲಿನಲ್ಲಿ ಇಂಗ್ಲಿಷ್. ವಾರಕ್ಕೊಮ್ಮೆ ನಿನ್ನ ಆ ಒಂದು ಕೋಣೆಯಲ್ಲಿ ಮಾತ್ರ ಅವರು ಮನಸ್ಸು ಬಿಚ್ಚಿ ಊರ ಮಾತಾಡುತ್ತಾರೆ. ಅದನ್ನು ಎರಡು ಮಾಡೋಣ ಅಂದರೆ ಇದ್ದದ್ದೂ ಹೋದೀತು ಎಂಬ ಭಯ. ಬುದ್ಧಿ ಹೇಳುವುದಕ್ಕಿಂತ ಮುಂಚೆ ಆ ಭಯವನ್ನು ಪೂರ್ತಿ ಕೇಳಿಸಿಕೋ.

ಕೇಳಿಸಿಕೊಂಡ ಮೇಲೆ ಒಂದು ಗುರುವಾರ ನೀನು ಹಾಡದೆ, ಬೋಧಿಸದೆ, ಸುಮ್ಮನೆ ಗೋಡೆಗೆ ಒರಗಿ ಕೂತು ನೋಡು. ಆ ಮೂವತ್ತು ಜನರಲ್ಲಿ ಬಾಯಿಬಿಟ್ಟು ಪ್ರಾರ್ಥನೆ ಮಾಡುವವರು ಯಾರು? ನನಗೆ ಗೊತ್ತಿದ್ದ ಮಟ್ಟಿಗೆ ಐದಾರು ಮಂದಿ, ಅದೂ ಪ್ರತಿ ವಾರ ಅವರೇ. ಉಳಿದವರು ಆಮೆನ್ ಅನ್ನುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಅಡುಗೆಮನೆ ಬಾಗಿಲಿಗೆ ಒತ್ತಿ ಕೂರುತ್ತಿದ್ದ ಒಬ್ಬ ಹೆಣ್ಣುಮಗಳ ವಿಷಯ ನೀನೇ ಹೇಳಿದ್ದೆ. ಕೂಟ ಮುಗಿದ ಕೂಡಲೇ ಎದ್ದು ಚಾಪೆ ಸುತ್ತಿಡುತ್ತಿದ್ದಳು, ಲೋಟ ತೊಳೆಯುತ್ತಿದ್ದಳು, ಯಾರ ಜೊತೆಗೂ ಮಾತಿರಲಿಲ್ಲ. ಆಕೆಯ ಗಂಡನಿಗೆ ಕಂತ್ರಾಟುದಾರ ಎರಡು ತಿಂಗಳ ಪಗಾರ ಕೊಟ್ಟಿರಲಿಲ್ಲ ಎಂಬುದು ನಿನಗೆ ಗೊತ್ತಾದದ್ದು ಯಾವಾಗ? ಅವರು ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟು ಹೊರಟ ಮೇಲೆ. ಏಳೆಂಟು ಜನರ ಕೂಟವಾಗಿದ್ದರೆ ಮೊದಲ ವಾರವೇ ಆಕೆಯ ಮುಖ ನೋಡಿ ಯಾರಾದರೂ ಕೇಳಿರುತ್ತಿದ್ದರು. ಇದು ನಿನ್ನ ತಪ್ಪಲ್ಲ ಮಗಳೇ. ಅಷ್ಟು ಜನರ ಮುಖವನ್ನು ಒಬ್ಬರು ಓದಲಾಗದು.

ನಮ್ಮ ಮೆಥಡಿಸ್ಟ್ ಸಭೆ ಹುಟ್ಟಿ ಬೆಳೆದದ್ದೇ ಇಂಥ ಸಣ್ಣ ಕೂಟಗಳಲ್ಲಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಜಾನ್ ವೆಸ್ಲಿಯ ಜನ ತಮ್ಮ ಪ್ರಾರ್ಥನಾಲಯದ ಸಾಲ ತೀರಿಸುವುದು ಹೇಗೆಂದು ಯೋಚಿಸುತ್ತಿದ್ದರು. ಕ್ಯಾಪ್ಟನ್ ಫಾಯ್ ಎಂಬವರು ಎದ್ದು, ಸಾಲ ತೀರುವವರೆಗೆ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು. ಬಡವರು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಬಂತು. ಎಲ್ಲರಿಗಿಂತ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರವಾರ ಅವರನ್ನು ಕಾಣುತ್ತೇನೆ, ಅವರಿಂದ ಆಗದ್ದನ್ನು ನಾನೇ ತುಂಬುತ್ತೇನೆ ಎಂದು ಫಾಯ್ ಅವರೇ ಒಪ್ಪಿಕೊಂಡರು. ಅವರೂ ಸೇರಿ ಹನ್ನೆರಡು. ಉಳಿದವರನ್ನೂ ಹಾಗೆಯೇ ಹಂಚಿಕೊಂಡರು. ದುಡ್ಡಿಗೆಂದು ಮನೆಮನೆಗೆ ಹೋದವರಿಗೆ ಯಾವ ಮನೆಯಲ್ಲಿ ಗಂಡಹೆಂಡಿರ ಜಗಳ, ಯಾರು ಮತ್ತೆ ಕುಡಿತಕ್ಕೆ ಬಿದ್ದಿದ್ದಾನೆ ಎಂಬುದು ಕಣ್ಣಿಗೆ ಬಿತ್ತು. ತಾನು ಬಹುದಿನದಿಂದ ಹುಡುಕುತ್ತಿದ್ದದ್ದು ಇದನ್ನೇ ಎಂದು ವೆಸ್ಲಿಗೆ ಹೊಳೆಯಿತು. ಸಾಲದ ಲೆಕ್ಕ ಹಿಂದೆ ಬಿತ್ತು, ಆ ಹನ್ನೆರಡರ ಗುಂಪುಗಳು ಉಳಿದವು. ಮುಂದೆ 1871–72ರಲ್ಲಿ ಮೆಥಡಿಸ್ಟ್ ಬೋಧಕ ವಿಲಿಯಂ ಟೇಲರ್ ಮುಂಬಯಿಗೆ ಬಂದಾಗಲೂ ಜನರನ್ನು ಕೂಡಿಸಿದ್ದು ಮನೆಗಳ ಸಣ್ಣ ಕೂಟಗಳಲ್ಲೇ.

ಹನ್ನೆರಡು ಎಂಬುದನ್ನು ಮಂತ್ರದ ಹಾಗೆ ಹಿಡಿಯಬೇಡ. ದುಡಿದು ದಣಿದು ಬರುವ ಒಬ್ಬ ಮನುಷ್ಯ ವಾರದಲ್ಲಿ ಎಷ್ಟು ಮಂದಿಯ ಸುಖದುಃಖ ವಿಚಾರಿಸಬಲ್ಲ ಎಂಬ ಲೆಕ್ಕ ಅಷ್ಟೇ ಅದು. ವಿಮೋಚನಕಾಂಡದಲ್ಲಿ ಮೋಶೆ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಎಲ್ಲರ ವ್ಯಾಜ್ಯ ತೀರಿಸುವುದನ್ನು ಕಂಡು ಮಾವ ಇತ್ರೋ ಗದರಿಕೊಂಡದ್ದು ನೆನಪಿದೆಯಲ್ಲ? ನೀನೂ ಸೊರಗುತ್ತೀ, ಜನರೂ ಸೊರಗುತ್ತಾರೆ ಎಂಬುದು ಆ ಹಿರಿಯನ ಚಿಂತೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಕೊನೆಗೆ ಹತ್ತು ಜನಕ್ಕೊಬ್ಬ ಮುಖ್ಯಸ್ಥನನ್ನು ನೇಮಿಸು ಎಂದ.

ಈಗ ನನ್ನ ಮುಖ್ಯ ಮಾತು. ಕೋಣೆ ತುಂಬಿತು ಎಂಬ ಕಾರಣಕ್ಕೆ ಕೂಟವನ್ನು ಎರಡು ಮಾಡಬೇಡ. ಎರಡನೆಯದನ್ನು ನಡೆಸುವವರು ತಯಾರಾದ ಮೇಲೆ ಮಾಡು. ನಿಮ್ಮ ಅಜ್ಜ ಕಬ್ಬು ನೆಡುವುದನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀ. ಜಲ್ಲೆಯನ್ನು ಎಲ್ಲೆಂದರಲ್ಲಿ ಕಡಿಯುತ್ತಿರಲಿಲ್ಲ. ಪ್ರತಿ ತುಂಡಿನಲ್ಲೂ ಎರಡು ಮೂರು ಕಣ್ಣು ಇರುವಂತೆ, ಆ ಕಣ್ಣಿಗೆ ಪೆಟ್ಟಾಗದಂತೆ ನೋಡಿ ಕಡಿಯುತ್ತಿದ್ದರು. ಕಣ್ಣಿಲ್ಲದ ತುಂಡು ಎಷ್ಟೇ ಉದ್ದವಿದ್ದರೂ ನೆಲದಲ್ಲಿ ಕೊಳೆಯುತ್ತದೆ. ನಮ್ಮ ಕಡೆ ಎಷ್ಟೋ ಕೂಟಗಳು ಹೀಗೇ ಹೋದದ್ದನ್ನು ಕಂಡಿದ್ದೇನೆ. ಹೊಸ ಕೂಟವೆಂದು ಭಾನುವಾರ ಘೋಷಣೆ ಆಗುತ್ತದೆ, ಮೊದಲ ವಾರ ಹದಿನೈದು ಜನ, ಮೂರನೇ ವಾರ ಆರು, ಆಮೇಲೆ ಆ ಮನೆಯವರೇ ಬೀಗ ಹಾಕಿ ಹಳೆಯ ಕೂಟಕ್ಕೆ ಬಂದು ಕೂರುತ್ತಾರೆ.

ಗಿಟಾರ್ ಇಲ್ಲದಿದ್ದರೂ ರಾಗ ತಪ್ಪದೆ ಹಾಡುವ, ಸೆಕೆಂಡ್ ಶಿಫ್ಟ್ ಹುಡುಗನೊಬ್ಬ ಇದ್ದಾನೆ, ಮಾತಾಡು ಅಂದರೆ ನಾಚುತ್ತಾನೆ ಅಂದಿದ್ದೆ. ಅವನಿಂದ ಶುರುಮಾಡು. ಒಂದೆರಡು ತಿಂಗಳು ವಾಕ್ಯಭಾಗ ಓದಲು ಹೇಳು, ಓದುವ ಭಾಗವನ್ನು ಮೂರು ದಿನ ಮುಂಚೆಯೇ ತಿಳಿಸು. ಆಮೇಲೆ ಕೂಟದ ಮೊದಲ ಪ್ರಾರ್ಥನೆ ಅವನದಾಗಲಿ. ರೋಗಿಯನ್ನು ನೋಡಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗು. ಹಾಸಿಗೆ ಪಕ್ಕ ಕೂತು ಹೇಗೆ ಮಾತಾಡಬೇಕು, ಯಾವಾಗ ಮಾತಾಡಬಾರದು ಎಂಬುದನ್ನು ಪುಸ್ತಕದಿಂದ ಕಲಿಯಲಾಗದು. ಮುಂದೆ ಒಂದು ಗುರುವಾರ ಬೋಧನೆ ಅವನಿಗೆ ಬಿಡು, ನೀನು ಪಕ್ಕದಲ್ಲಿ ಕೂತಿರು. ಅವನು ತಡವರಿಸಿದರೆ ನಡುವೆ ಬಾಯಿ ಹಾಕಬೇಡ, ಇದೇ ಎಲ್ಲಕ್ಕಿಂತ ಕಷ್ಟ. ಕೊನೆಗೆ ಒಂದು ವಾರ ಊರಿಗೆ ಬಾ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ನಿಮ್ಮೂರ ಮೇಲೆಯೇ ಬರುತ್ತದೆ, ಇಲ್ಲಿ ನಿನ್ನ ಕಾಕೂ ರೊಟ್ಟಿ ಬಡಿದು ಕಾಯುತ್ತಿರುತ್ತಾಳೆ. ನೀನಿಲ್ಲದ ಆ ಗುರುವಾರ ಕೂಟ ನಡೆಯಿತೋ ಇಲ್ಲವೋ ಎಂಬುದರಿಂದ ನಿನ್ನ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಅವನೊಬ್ಬನನ್ನೇ ತಯಾರು ಮಾಡಿದರೂ ಸಾಲದು. ಚಾಪೆ ಸುತ್ತುತ್ತಿದ್ದ ಆ ಹೆಣ್ಣುಮಗಳು ಎಲ್ಲೇ ಇದ್ದರೂ ಹುಡುಕಿ ಮಾತಾಡಿಸು. ಹೆಂಗಸರಿಗೂ ಹೊಣೆ ಕೊಡು ಎಂದು ನೀನೇ ನಡೆಸುವ ಕೂಟದಲ್ಲಿ ನಾನು ಹೇಳಬೇಕಾಗಿಲ್ಲ, ಆದರೂ ಕೆಲವು ಗಂಡಸರು ಹೆಂಗಸರಿಗೆ ಯಾಕೆ ಹೊಣೆ ಅನ್ನುತ್ತಾರಂತೆ. ಅವರಿಗೆ ಹೊಸ ಒಡಂಬಡಿಕೆಯ ಪ್ರಿಸ್ಕಿಲ್ಲಳ ಮನೆಯಲ್ಲಿ ಕೂಡುತ್ತಿದ್ದ ಸಭೆಯನ್ನು ತೋರಿಸು. ದಕ್ಷಿಣ ಕೊರಿಯಾದ ಸಿಯೋಲ್ ನಗರದ ಸಂಗತಿಯನ್ನೂ ಹೇಳು. 1958ರಲ್ಲಿ ಅಲ್ಲಿ ಯೋಂಗಿ ಚೋ ಎಂಬ ತರುಣ ಪಾಸ್ಟರ್ ಸಣ್ಣದಾಗಿ ಶುರುಮಾಡಿದ ಸಭೆ ಬೇಗ ಬೆಳೆಯಿತು. ಎಲ್ಲವನ್ನೂ ಒಬ್ಬರೇ ಮಾಡಹೋಗಿ 1964ರಲ್ಲಿ ಅವರು ಕುಸಿದುಬಿದ್ದರು. ಹಾಸಿಗೆ ಹಿಡಿದಿದ್ದಾಗ ಮನೆಕೂಟಗಳ ದಾರಿ ಹೊಳೆಯಿತು, ಗಂಡಸರು ಹಿಂದೇಟು ಹಾಕಿದಾಗ ಆ ಹೊಣೆ ಹೊತ್ತವರು ಹೆಂಗಸರು. ಆ ಸಭೆ ಮುಂದೆ ಲಕ್ಷಗಟ್ಟಲೆ ಜನರದ್ದಾಯಿತು. ಇದರ ಇನ್ನೊಂದು ಮುಖವನ್ನೂ ಬಚ್ಚಿಡಬೇಡ: 2014ರಲ್ಲಿ ಸಭೆಯ ಹಣದ ವಿಷಯದಲ್ಲಿ ಅದೇ ಚೋ ತಪ್ಪಿತಸ್ಥರೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಆದ್ದರಿಂದ ಮನೆಕೂಟದಲ್ಲಿ ಕಾಣಿಕೆ ಎತ್ತಬೇಡಿ. ಯಾರಿಗಾದರೂ ಆಸ್ಪತ್ರೆ ಖರ್ಚಿಗೆ ಕೂಡಿಸಿದರೆ ಅದೇ ದಿನ ಇಬ್ಬರ ಸಹಿಯೊಡನೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಶಮಾಂಶ ಭಾನುವಾರ ಸಭೆಗೇ ಹೋಗಲಿ.

ಊಟದ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಕೂಟ ಮನೆಯಿಂದ ಮನೆಗೆ ತಿರುಗತೊಡಗಿದರೆ ಒಂದು ವಾರ ಒಬ್ಬರ ಮನೆಯಲ್ಲಿ ಚಹಾ, ಸುಸ್ಲಾ. ಮುಂದಿನ ವಾರದ ಮನೆಯವರು ಅದಕ್ಕಿಂತ ಕಡಿಮೆ ಆಗಬಾರದೆಂದು ಪೂರಿ ಭಾಜಿ. ಅದರಾಚೆಯವರು ಸಾಲ ಮಾಡಿ ಬಿರಿಯಾನಿ. ನಾಲ್ಕನೇ ಮನೆಯವರು ಈ ಸಲ ನಮ್ಮಲ್ಲಿ ಬೇಡ, ನೆಂಟರು ಬಂದಿದ್ದಾರೆ ಅನ್ನುತ್ತಾರೆ. ನೆಂಟರು ಬಂದಿರುವುದಿಲ್ಲ ಮಗಳೇ. ಕೂಟಗಳು ಹೆಚ್ಚಬೇಕಾದರೆ ಎಲ್ಲಕ್ಕಿಂತ ಬಡ ಮನೆಯ ಬಾಗಿಲೂ ತೆರೆಯುವಂತಿರಬೇಕು. ಚಹಾ ಮಾತ್ರ, ಬಿಸ್ಕೀಟೂ ಬೇಡ ಎಂದು ಎಲ್ಲರ ಎದುರು ಒಪ್ಪಂದ ಮಾಡಿಕೊಳ್ಳಿ. ಒಟ್ಟಿಗೆ ಊಟ ಮಾಡಬೇಕು ಅನ್ನಿಸಿದರೆ ತಿಂಗಳಿಗೊಮ್ಮೆ ಎಲ್ಲ ಕೂಟಗಳೂ ಸೇರಿದಾಗ ಮಾಡಿ. ಹೈದರಾಬಾದಿನ ಗೋಲ್ಕೊಂಡ ಕ್ರಾಸ್ ರೋಡಿನ ಹೆಬ್ರೋನ್ ಸಭೆಯಲ್ಲಿ ಬೋಧಕ ಬಖ್ತ್ ಸಿಂಗರ ಕಾಲದಿಂದ ಪ್ರೀತಿಭೋಜನದ ರೂಢಿ ಇದೆ. ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಸಾಲಾಗಿ ಕೂತು ಒಂದೇ ಅನ್ನ, ಒಂದೇ ಸಾರು ಉಣ್ಣುತ್ತಾರೆ. ದೂರವಾದೆವು ಎಂದು ಅಳುವವರಿಗೆ ಅಂಥ ಒಂದು ಊಟ ಎಷ್ಟೋ ಸಮಾಧಾನ ಕೊಡುತ್ತದೆ.

ಇನ್ನು ಯಾರು ಯಾವ ಕೂಟಕ್ಕೆ ಎಂಬ ಪ್ರಶ್ನೆ. ಭಾಲ್ಕಿಯವರೆಲ್ಲ ಒಂದು ಕಡೆ, ಔರಾದಿನವರೆಲ್ಲ ಇನ್ನೊಂದು ಕಡೆ ಆಗಲಿ ಎಂದು ಯಾರೋ ಅಂದರಂತೆ. ಖಂಡಿತ ಬೇಡ. ಆ ತಾಲ್ಲೂಕಿನ ಹೆಸರಿನ ಹಿಂದೆ ಇನ್ನೇನು ಅಡಗಿದೆ ಎಂಬುದು ನನಗೂ ಗೊತ್ತು, ನಿನಗೂ ಗೊತ್ತು. ಜಾತಿಯ ಗೆರೆಯ ಮೇಲೆ ಎರಡಾದ ಕೂಟಕ್ಕೆ ಕ್ರಿಸ್ತನ ಹೆಸರು ಇಡಲಾಗದು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದ ಅಜರಾಯ ಅವರು ಇದೇ ತೆಲುಗು ನಾಡಿನ ದೋರ್ನಕಲ್ಲಿನಲ್ಲಿ ಜೀವಮಾನವಿಡೀ ಇದರ ವಿರುದ್ಧವೇ ಹೋರಾಡಿದರು. ಮನೆ ಹತ್ತಿರವಿರುವವರು ಒಂದಾಗಲಿ, ಶಿಫ್ಟ್ ಹೊಂದುವವರು ಒಂದಾಗಲಿ. ಇಸ್ನಾಪುರದ ಕಡೆಯವರಿಗೆ ಅಲ್ಲೇ ಒಂದು ಮನೆ ಸಿಕ್ಕರೆ ರಾತ್ರಿ ಶೇರ್ ಆಟೋಗೆ ಕಾಯುವುದು ತಪ್ಪುತ್ತದೆ. ಗುರುವಾರ ಸಂಜೆ ಕೆಲಸದಲ್ಲಿರುವವರಿಗೆ ಭಾನುವಾರ ಮಧ್ಯಾಹ್ನದ ಕೂಟವಾದೀತು.

ಭಾಷೆಯ ವಿಷಯದಲ್ಲಿ ನಿನಗಿಂತ ನಾನು ಸಡಿಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ್ ನಮ್ಮ ಬೀದರ್ ಜಿಲ್ಲೆಯವೇ ಆಗಿದ್ದವು. ಗೆರೆ ಎಳೆದು ಅವನ್ನು ತೆಲುಗು ಕಡೆಯ ಮೇದಕ್ ಜಿಲ್ಲೆಗೆ ಸೇರಿಸಿದರು, ಬೀಗತನ ಮಾತ್ರ ಹಾಗೇ ಮುಂದುವರಿಯಿತು. ಹಾಗಾಗಿ ನಿಮ್ಮಲ್ಲಿ ತೆಲುಗು ಮಾತಾಡುವ ಸೊಸೆಯಂದಿರು ಇದ್ದಾರೆ, ಕನ್ನಡ ಓದಲು ಬಾರದ ಮಕ್ಕಳೂ ಇದ್ದಾರೆ. ಹೊಸ ಕೂಟ ಅರ್ಧ ತೆಲುಗಿನಲ್ಲಿ ನಡೆದರೆ ನಡೆಯಲಿ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲವೆಂಬ ಗೊಣಗಾಟ ಎದ್ದಾಗ ಏಳು ಜನರನ್ನು ಆರಿಸಿದರಲ್ಲ, ಆ ಏಳೂ ಹೆಸರು ಗ್ರೀಕ್ ಹೆಸರುಗಳೇ. ದೂರು ಬಂದ ಕಡೆಯವರ ಕೈಗೇ ಹೊಣೆ ಹೋಯಿತು. ನೀನೂ ಆ ಸೊಸೆಯಂದಿರಲ್ಲಿ ಒಬ್ಬಳನ್ನು ಮುಂದೆ ತಾ. ಕನ್ನಡದ ಹಾಡು ಬೇಕೆನ್ನುವ ಹಿರಿಯರಿಗೆ ನಿನ್ನ ಮೊದಲಿನ ಕೂಟ ಇದ್ದೇ ಇದೆ.

ಪಾಸ್ಟರಿಗೆ ತಿಳಿಸದೆ ಏನೂ ಮಾಡಬೇಡ. ಹೊಸ ಕೂಟದ ಮೊದಲ ದಿನ ಅವರೇ ಬಂದು ಆ ಹುಡುಗನ ಮೇಲೆ ಕೈಯಿಟ್ಟು ಪ್ರಾರ್ಥಿಸಲಿ. ಇಲ್ಲವಾದರೆ ನಾಳೆ ಇದು ಬೇರೆ ಗುಂಪು, ಬೇರೆ ಸಭೆ ಎಂಬ ಮಾತು ಹುಟ್ಟುತ್ತದೆ. ಮನೆ ಮಾಲೀಕರನ್ನೂ ಅಕ್ಕಪಕ್ಕದವರನ್ನೂ ಮುಂಚಿತವಾಗಿ ಕಂಡು ಮಾತಾಡಿ. ಮೈಕ್ ಬೇಡ, ಒಂದೂವರೆ ಗಂಟೆ ಮೀರಬಾರದು, ಚಪ್ಪಲಿ, ಬೈಕು ಅವರ ದಾರಿಗೆ ಅಡ್ಡ ಬರಬಾರದು. ನೈಟ್ ಶಿಫ್ಟ್ ಮುಗಿಸಿ ಮಲಗಿರುವವನು ಪಕ್ಕದ ಗೋಡೆಯಾಚೆಗೇ ಇರುತ್ತಾನೆ.

ಎರಡು ಆದ ಮೇಲೆ ಒಂದು ನಿಂತುಹೋಗಬಹುದು. ಜನ ಕೆಲಸ ಬಿಡುತ್ತಾರೆ, ಊರಿಗೆ ಮರಳುತ್ತಾರೆ, ಮನೆ ಬದಲಿಸುತ್ತಾರೆ. ಅದಕ್ಕೆ ಎದೆಗುಂದಬೇಡ, ಭಾನುವಾರದ ವರದಿಗೆ ಸಂಖ್ಯೆ ತೋರಿಸಲೆಂದು ಖಾಲಿ ಕೂಟವನ್ನು ಎಳೆದಾಡಲೂಬೇಡ. ಅಲ್ಲಿ ಹೊಣೆ ಹೊರಲು ಕಲಿತವರು ಯಾವ ಊರಿಗೆ ಹೋದರೂ ಆ ಕಲಿಕೆ ಅವರ ಜೊತೆ ಹೋಗುತ್ತದೆ.

ಈಸ್ಟರ್ ಮುಗಿಯುವವರೆಗೆ ಅವಸರ ಮಾಡಬೇಡ. ಉಪವಾಸದ ಆ ನಲವತ್ತು ದಿನ ಯಾರು ಯಾರ ಮನೆಗೆ ಹೋಗಿಬರಬೇಕು ಎಂದು ಹಂಚಿಕೊಡು, ಕೆಲಸ ಯಾರ ಕೈಯಲ್ಲಿ ನಿಲ್ಲುತ್ತದೆ ಎಂಬುದು ಅಷ್ಟರಲ್ಲಿ ಕಾಣುತ್ತದೆ. ಆ ಹುಡುಗನಿಗೆ ನನ್ನ ನಂಬರ್ ಕೊಡು, ರಜೆ ಇದ್ದ ದಿನ ಸಂಜೆ ಏಳರ ಮೇಲೆ ಫೋನ್ ಮಾಡಲಿ. ಮೊದಲ ಬೋಧನೆಗೆ ಯಾವ ಭಾಗ ತಗೊಂಡರೆ ಒಳ್ಳೆಯದು ಎಂದು ಅವನ ಜೊತೆ ಕೂತು ಯೋಚಿಸುವ ಆಸೆ ನನಗೂ ಇದೆ. ನಿನ್ನ ಕಾಕೂ ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತೇವೆ.

ಇಂತಿ,
ದಿನವೂ ನಿಮ್ಮೆಲ್ಲರ ಹೆಸರು ಹಿಡಿದು ಪ್ರಾರ್ಥಿಸುವ
ನಿನ್ನ ಕಾಕಾ