ನೆಲಮಾಳಿಗೆಯ ನಾದಸಾಧಕ

ಉತ್ತಮ ಸಾಧನೆಗೆ ಸಿರಿವಂತಿಕೆಯೇ ಮೂಲವೆಂದು ಹಲವರು ಭಾವಿಸುತ್ತಾರೆ. ಅಮೆರಿಕದ ರಾಕ್ ಸಂಗೀತಗಾರ ಟಾಮ್ ಶೋಲ್ಜ್ ಅವರ ಬಾಳು ಈ ಭಾವನೆಯನ್ನು ಅಲ್ಲಗಳೆಯುತ್ತದೆ.

1947ರಲ್ಲಿ ಜನಿಸಿದ ಶೋಲ್ಜ್ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಯಂತ್ರಶಾಸ್ತ್ರವನ್ನು ವ್ಯಾಸಂಗ ಮಾಡಿ, ಪೋಲರಾಯ್ಡ್ ಕಂಪನಿಯಲ್ಲಿ ಎಂಜಿನಿಯರಾದರು. ಹಗಲೆಲ್ಲ ಉದ್ಯೋಗ, ಇರುಳು ಮನೆಯ ನೆಲಮಾಳಿಗೆಯಲ್ಲಿ ನಾದದ ಶೋಧನೆ. ಸಂಬಳದ ಹಣದಿಂದಲೇ ಅವರು ಅಲ್ಲಿ ಧ್ವನಿಮುದ್ರಣದ ಸಲಕರಣೆಗಳನ್ನು ಕೂಡಿಸಿಕೊಂಡರು.

ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕಂಪನವು ವಿದ್ಯುತ್ತಿನ ಅಲೆಯಾಗಿ ಆಂಪ್ಲಿಫೈಯರನ್ನು ಸೇರುತ್ತದೆ. ಅದರೊಳಗಿನ ನಿರ್ವಾತ ನಳಿಕೆಗಳು ತಮ್ಮ ಶಕ್ತಿಯ ಮೇರೆಯನ್ನು ಮುಟ್ಟಿದಾಗ ಅಲೆಯ ತುದಿಗಳು ಮೊಟಕಾಗುತ್ತವೆ. ರಾಕ್ ಸಂಗೀತಕ್ಕೆ ಬೇಕಾದ ತುಂಬುನಾದ ಹೊಮ್ಮುವುದು ಆಗಲೇ. ಆದರೆ ಅದರೊಡನೆ ಮನೆಯೇ ನಡುಗುವಂಥ ಅಬ್ಬರವೂ ಏಳುತ್ತದೆ! ಪುಟ್ಟ ನೆಲಮಾಳಿಗೆಯಲ್ಲಿ ಅದನ್ನು ಪಳಗಿಸುವುದೆಂತು?

ಶೋಲ್ಜ್ ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ತಾವೇ ರಚಿಸಿದ ಸಾಧನವೊಂದನ್ನು ಇರಿಸಿದರು. ಅದು ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿತು. ಅಬ್ಬರ ಅಡಗಿತು; ನಾದ ಉಳಿಯಿತು. ಇದೇ ಸಾಧನ ಮುಂದೆ 'ಪವರ್ ಸೋಕ್' ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು.

ಹಾಡುಗಳನ್ನು ಮೆಚ್ಚಿದ ಧ್ವನಿಮುದ್ರಿಕಾ ಸಂಸ್ಥೆಯು ಅವನ್ನು ವೃತ್ತಿಪರ ಸ್ಟುಡಿಯೋದಲ್ಲಿ ಹೊಸದಾಗಿ ಮುದ್ರಿಸಬೇಕೆಂದು ಬಯಸಿತು. ವರ್ಷಗಟ್ಟಲೆ ಹುಡುಕಿ ಪಡೆದ ನಾದವನ್ನು ಬಿಟ್ಟುಕೊಡಲು ಶೋಲ್ಜ್ ಒಪ್ಪಲಿಲ್ಲ. ವಾದ್ಯಭಾಗಗಳ ಬಹುಪಾಲನ್ನು ನೆಲಮಾಳಿಗೆಯಲ್ಲಿಯೇ ಮುದ್ರಿಸಿದರು. 1976ರಲ್ಲಿ 'ಬಾಸ್ಟನ್' ತಂಡದ ಆ ಚೊಚ್ಚಲ ಧ್ವನಿಮುದ್ರಿಕೆ ಹೊರಬಂದಿತು. ಕಾಲಕ್ರಮದಲ್ಲಿ ಅಮೆರಿಕವೊಂದರಲ್ಲೇ ಅದರ ಮಾರಾಟ 1.5 ಕೋಟಿ ಪ್ರತಿಗಳನ್ನು ಮೀರಿತು.

ನಾದದ ಹಿರಿಮೆ ಕಟ್ಟಡದಲ್ಲಿಲ್ಲ. ಕಿವಿ ಹದಗೊಂಡು, ಬುದ್ಧಿ ಎಚ್ಚೆತ್ತು, ತಾಳ್ಮೆ ಜೊತೆಗೂಡಿದರೆ ನೆಲಮಾಳಿಗೆಯೂ ನಾದಮಂದಿರವಾಗುತ್ತದೆ.