ಹುಣಸೆಹಣ್ಣಿನಲ್ಲಿ ತೊಳೆದ ಚಕ್ರವರ್ತಿ

ಪೆಟ್ಟಿಗೆ ಬಂತು ಅಂತ ನೀನು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ ನಿನ್ನ ದೊಡ್ಡಪ್ಪ ಊರಲ್ಲಿ ಯಾರಿಗೋ ಏನೋ ಆಯಿತು ಅಂದುಕೊಂಡು ಎದ್ದು ಕೂತರು. ಮೆಟಲ್ ಡಿಟೆಕ್ಟರ್ ಅಂತ ತಿಳಿದಮೇಲೆ "ಇವನಿಗೂ ಹಿಡೀತಾ ಈ ಹುಚ್ಚು" ಅಂದು ಮಗ್ಗುಲು ಬದಲಿಸಿದರು. ಅವರ ಮಾತು ಬಿಡು. ಆಸ್ಪತ್ರೆ ಕೆಲಸದಿಂದ ನಿವೃತ್ತಳಾದ ವರ್ಷ ಮಂಡಿನೋವಿಗೆ ದಿನಾ ನಡೆಯಿರಿ ಅಂದಿದ್ದರು. ಸುಮ್ಮನೆ ನಡೆಯೋದು ಬೇಜಾರು ಅಂತ ನಾನು ಇದನ್ನು ಕೈಗೆ ತಗೊಂಡೆ. ಹನ್ನೆರಡು ವರ್ಷವಾಯಿತು, ಸಫೋಕ್‌ನ ಹೊಲಗಳಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮಣ್ಣು ಕೆದಕುತ್ತಲೇ ಇದ್ದೇನೆ. ಫೋನಿನಲ್ಲಿ ಹೇಳಹೋದರೆ "ಹ್ಞೂ ದೊಡ್ಡಮ್ಮ, ಹ್ಞೂ ದೊಡ್ಡಮ್ಮ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದಿನವೇ ಹೊಲಕ್ಕೆ ಓಡಬೇಡ. ಮನೆಯ ಹಿತ್ತಲು ಸಾಕು. ಹುಲ್ಲಿನ ಮೇಲೆ ಒಂದು ಪೌಂಡ್ ನಾಣ್ಯ, ತುಕ್ಕು ಹಿಡಿದ ಮೊಳೆ, ಕೋಲಾ ಡಬ್ಬಿ ತೆರೆಯುವ ಅಲ್ಯೂಮಿನಿಯಮ್ ಕಿವಿ, ಸ್ವಲ್ಪ ಚಾಕೊಲೇಟ್ ಕಾಗದ ಇಷ್ಟನ್ನು ಮೊಳ ಮೊಳ ಅಂತರದಲ್ಲಿ ಇಡು. ಎರಡು ಪೆನ್ನಿಯ ನಾಣ್ಯಗಳಲ್ಲಿ 1992ಕ್ಕೆ ಹಿಂದಿನದೊಂದು, ಈಚಿನದೊಂದು ಹುಡುಕಿ ಇಡು. ನೋಡಲು ಎರಡೂ ಅವಳಿಜವಳಿ. ಆದರೆ ಹಳೆಯದು ಕಂಚು, ಹೊಸದರ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಕಣ್ಣಿಗೆ ಗೊತ್ತಾಗದ್ದು ಕಿವಿಗೆ ಗೊತ್ತಾಗುತ್ತದೆ. ಒಂದು ಸಂಜೆ ಪೂರ್ತಿ ಅಷ್ಟನ್ನೇ ಕೇಳು. ನಿನ್ನ ಹೆಂಡತಿ ಸುಗುಣಳ ಉಂಗುರವನ್ನೂ ಇಟ್ಟು ನೋಡಬಹುದು, ಅವಳು ಕೊಟ್ಟರೆ. ಕೊಟ್ಟರೂ ಹೂಳಬೇಡ, ಮೇಲಿಟ್ಟೇ ನೋಡು.

ಆ ಉಂಗುರದಿಂದ ನಿನಗೊಂದು ವಿಷಯ ತಿಳಿಯುತ್ತದೆ. ಯಂತ್ರದ ಕೆಳಗಿನ ಚಕ್ರ, ಅದೇ ಕಾಯಿಲ್, ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸಿ ಕೂಗುತ್ತದೆ. ಲೋಹ ಅನ್ನುವುದೇನಾದರೂ ಅಲ್ಲಿದ್ದರೆ ಅದರೊಳಗೆ ಸಣ್ಣ ವಿದ್ಯುತ್ ಸುಳಿಗಳೆದ್ದು ಅದು ಓಗೊಡುತ್ತದೆ. ಓಗೊಟ್ಟದ್ದು ಎಷ್ಟು ತಡವಾಗಿ, ಎಷ್ಟು ಜೋರಾಗಿ ಅಂತ ನೋಡಿ ಯಂತ್ರ ಒಂದು ಅಂಕಿ ತೋರಿಸುತ್ತದೆ. ಅದು ಊಹೆ ಅಷ್ಟೇ. ತೆಳುವಾದ ಚಿನ್ನದ ಉಂಗುರಕ್ಕೂ ಕೋಲಾ ಡಬ್ಬಿಯ ಕಿವಿಗೂ ಹೆಚ್ಚುಕಡಿಮೆ ಒಂದೇ ಅಂಕಿ ಬರುವುದುಂಟು. ಕಸ ಬೇಡ ಅಂತ ಆ ಅಂಕಿಯ ಬಾಯಿ ಮುಚ್ಚಿಸಿದರೆ ಚಿನ್ನವೂ ಬಾಯಿ ಮುಚ್ಚಿಕೊಳ್ಳುತ್ತದೆ. ಶುರುವಿನಲ್ಲಿ ಎಲ್ಲವನ್ನೂ ಕೇಳಿಸಿಕೊ, ಕಬ್ಬಿಣದ ಗೊರಗೊರವನ್ನೂ.

ಬೀಸುವ ಕೈ ಇನ್ನೊಂದು ವಿದ್ಯೆ. ಹೊಸಬರೆಲ್ಲ ಕಸ ಗುಡಿಸಿದ ಹಾಗೆ ಬೀಸುತ್ತಾರೆ, ಎರಡು ತುದಿಯಲ್ಲೂ ಕಾಯಿಲ್ ಮೇಲಕ್ಕೆದ್ದುಬಿಡುತ್ತದೆ. ಒಂದು ನಾಣ್ಯ ಗೇಣು ಆಳದಲ್ಲಿದ್ದರೆ ಅದೇ ದೊಡ್ಡ ಮಾತು, ನೀನು ಮೇಲೆ ಎತ್ತಿದ ನಾಲ್ಕು ಬೆರಳು ನೆಲದೊಳಗೆ ನಾಲ್ಕು ಬೆರಳು ನಷ್ಟ. ನಿಮ್ಮಜ್ಜಿ ಚಿತ್ರದುರ್ಗದ ಮನೆಯ ಪಡಸಾಲೆಗೆ ಸಗಣಿ ಸಾರಿಸುತ್ತಿದ್ದದ್ದು ನಿನಗೆ ನೆನಪಿದೆಯೋ ಇಲ್ಲವೋ. ಕೈ ನೆಲ ಬಿಡುತ್ತಿರಲಿಲ್ಲ, ಒಂದು ಬಳಿತ ಹಿಂದಿನದರ ಅರ್ಧವನ್ನು ಮುಚ್ಚಿಕೊಂಡೇ ಬರುತ್ತಿತ್ತು. ಹಾಗೆ ಬೀಸು. ಉಕ್ಕಿನ ಮೂತಿಯ ಬೂಟು ಹಾಕಬೇಡ, ಸನಿಕೆಯನ್ನು ನಾಲ್ಕು ಹೆಜ್ಜೆ ದೂರ ಇಡು, ಮೊಬೈಲನ್ನು ಕಾಯಿಲ್ ಹತ್ತಿರ ತರಬೇಡ. ಟೆಲಿಫೋನಿನ ಗ್ರಹಾಂ ಬೆಲ್‌ಗೇ ಇಲ್ಲಿ ಏಟು ಬಿದ್ದಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹೊಡೆದಾಗ ಮೈಯೊಳಗಿನ ಗುಂಡು ಹುಡುಕಲು ಆತ ಇಂಥದೇ ಒಂದು ಯಂತ್ರ ಕಟ್ಟಿಕೊಂಡು ಬಂದ. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಸದ್ದನ್ನೆಲ್ಲ ಕೆಡಿಸಿದವು. ಗುಂಡು ಸಿಗಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ.

ನನ್ನ ಮೊದಲ ದಿನದ ಗಳಿಕೆ ಕೇಳು: ಕೋವಿಯ ತೋಟಾಗಳ ಹಿತ್ತಾಳೆ ತಳ ಆರು, ಸೀಸದ ಮುದ್ದೆ ಒಂದು, ನೇಗಿಲಿಗೆ ಸಿಕ್ಕಿ ಚೂರುಚೂರಾದ ಬಿಯರ್ ಡಬ್ಬಿ. ರಾತ್ರಿಯೆಲ್ಲ ಸೊಂಟ ನೋವು. ರೋಮನರ ಕಾಲದ್ದು ಅನ್ನಬಹುದಾದ್ದು ಕೈಗೆ ಬರಲು ಎಂಟು ತಿಂಗಳು ಬೇಕಾಯಿತು. ಬಂದದ್ದನ್ನು ನಾನು ಏನು ಮಾಡಿದೆ ಅನ್ನೋದು ನಿಮ್ಮಮ್ಮನಿಗೂ ಗೊತ್ತಿಲ್ಲ.

ಗೋಧಿ ಕಟಾವಾದ ಹೊಲ, ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಹೆಂಟೆಯೊಂದನ್ನು ಒಡೆದಾಗ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಬಿಲ್ಲೆ ಬಿತ್ತು. ಪಾಚಿ ಬಣ್ಣ, ನಯವಾದ ಮೈ. ಓರೆಯಾಗಿ ಹಿಡಿದರೆ ಒಂದು ಮೂಗು, ತಲೆಗೆ ಕಟ್ಟಿದ ಪಟ್ಟಿ. ಮನೆಗೆ ಓಡಿಬಂದು ಸಿಂಕಿನಲ್ಲಿ ನಿಂತು, ಹಬ್ಬದ ಹಿಂದಿನ ದಿನ ದೇವರ ಸಾಮಾನು ತಿಕ್ಕುತ್ತೇವಲ್ಲ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ನಾರಿನಲ್ಲಿ ತಿಕ್ಕಿದೆ. ಹಸಿರೆಲ್ಲ ಹೋಯಿತು. ಕೆಂಪಗೆ ಫಳಫಳ ಹೊಳೆಯುವ ಒಂದು ತಗಡು ಉಳಿಯಿತು. ಮೂಗಿಲ್ಲ, ಪಟ್ಟಿಯಿಲ್ಲ, ಅಕ್ಷರವಿಲ್ಲ. ಸಾವಿರದ ಆರುನೂರು ವರ್ಷ ಮಣ್ಣಿನಲ್ಲಿದ್ದು ಆ ಹಸಿರು ಪೊರೆಯೇ ಚಕ್ರವರ್ತಿಯ ಮುಖವಾಗಿತ್ತು, ನಾನು ಮುಖವನ್ನೇ ತೊಳೆದು ಚರಂಡಿಗೆ ಬಿಟ್ಟಿದ್ದೆ. ನಮ್ಮ ಭಾಗದ ಪ್ರಾಚ್ಯವಸ್ತು ಅಧಿಕಾರಿ ಅದನ್ನು ಅಂಗೈಲಿಟ್ಟುಕೊಂಡು ಬೈಯಲಿಲ್ಲ. "ಎಲ್ಲಿ ಸಿಕ್ಕಿತು?" ಅಂತ ಮಾತ್ರ ಕೇಳಿದಳು. ಆ ಹೊಲ ಅಂದೆ. ಹೊಲದಲ್ಲಿ ಎಲ್ಲಿ? ಅದೂ ನನಗೆ ಗೊತ್ತಿರಲಿಲ್ಲ.

ಆ ಪ್ರಶ್ನೆಯ ತೂಕ ನನಗೆ ತಿಳಿದದ್ದು ಆಮೇಲೆ, ಅದೂ ನಮ್ಮೂರಿನ ವಿಷಯದಿಂದಲೇ. ಚಂದ್ರವಳ್ಳಿಯ ಕೆರೆ ಏರಿ ಮೇಲೆ ನಾನು ನಿಮ್ಮಮ್ಮ ಎಷ್ಟು ಸಲ ಕಡಲೆಕಾಯಿ ತಿಂದಿದ್ದೇವೋ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆಸಿದಾಗ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ಅದನ್ನು ಮಣ್ಣಿನ ಯಾವ ಪದರದಿಂದ ತೆಗೆದರು ಅನ್ನೋದು ಬರೆದಿಟ್ಟದ್ದರಿಂದ ಅದೇ ಪದರದ ಮಡಕೆ ಚೂರುಗಳಿಗೂ ಕಾಲ ಹೇಳಲು ಬಂತು. ಅದೇ ನಾಣ್ಯ ಯಾರದೋ ಜೇಬಿನಿಂದ ಬಂದಿದ್ದರೆ ಅದರ ಬೆಲೆ ತೂಕದ ಬೆಳ್ಳಿಯಷ್ಟೇ.

ನೀನು ಈಗ ಯೂಟ್ಯೂಬಿನಲ್ಲಿ ಸ್ಟಾಫರ್ಡ್‌ಶೈರ್ ನಿಧಿ, ಅಷ್ಟು ಮಿಲಿಯನ್ ಇಷ್ಟು ಮಿಲಿಯನ್ ಅಂತ ನೋಡುತ್ತಿರುತ್ತೀಯ, ನನಗೆ ಗೊತ್ತು. ನೋಡುವುದಾದರೆ ನಮ್ಮ ಸಫೋಕ್‌ನ ಹಾಕ್ಸನ್ ಕಥೆ ನೋಡು. 1992ರ ನವೆಂಬರಿನಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಗೆಳೆಯ ಎರಿಕ್ ಲಾಸ್‌ಗೆ, ಹುಡುಕಿಕೊಡಪ್ಪ ಅಂದ. ಲಾಸ್ ಯಂತ್ರ ಬೀಸಿದ, ಚಿನ್ನ ಬೆಳ್ಳಿ ಏಳತೊಡಗಿತು. ಒಂದಷ್ಟು ಎತ್ತಿದವನೇ ಅಗೆತ ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಮರುದಿನವೇ ಪುರಾತತ್ವದವರು ಬಂದು ಉಳಿದದ್ದನ್ನು ಬಗೆದು ತೆಗೆದರು. ಸುಮಾರು 15,000 ನಾಣ್ಯ, ಜೊತೆಗೆ ಬಂಗಾರದ ಬಳೆ, ಬೆಳ್ಳಿ ಚಮಚ, ಕಾಳುಮೆಣಸಿನ ಪುಡಿ ಉದುರಿಸುವ ಬೆಳ್ಳಿ ಕರಂಡಕ ನಾಲ್ಕು. ಒಂದಕ್ಕೆ ರಾಣಿಯ ರೂಪ. ಮೆಣಸು ಆ ಕಾಲಕ್ಕೆ ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅದರ ಮುಂದೆ ನಿಂತಾಗ ನನಗೆ ಮನೆಯ ಸಾರಿನ ವಾಸನೆ ಬಂದಂತಾಯಿತು. ಪೆಟ್ಟಿಗೆಯ ಮರ ಕೊಳೆತುಹೋಗಿದ್ದರೂ ಒಳಗೆ ಏನರ ಮೇಲೆ ಏನಿಟ್ಟಿದ್ದರು ಅಂತ ಇವತ್ತು ಹೇಳಬಲ್ಲರು. ಆತ ಕೈ ತಡೆದದ್ದಕ್ಕೆ. ಬಹುಮಾನ 17.5 ಲಕ್ಷ ಪೌಂಡು, ಅದನ್ನು ರೈತನ ಜೊತೆ ಹಂಚಿಕೊಂಡ. ಸುತ್ತಿಗೆಯೂ ಸಿಕ್ಕಿತು, ಅದೂ ಮ್ಯೂಸಿಯಮ್ಮಿಗೇ ಸೇರಿತು.

ಇದಕ್ಕೆ ತದ್ವಿರುದ್ಧದ್ದೂ ಉಂಟು. 2015ರಲ್ಲಿ ಲೆಮ್‌ಸ್ಟರ್ ಬಳಿ ಇಬ್ಬರಿಗೆ ವೈಕಿಂಗರ ಕಾಲದ ನಿಧಿ ಸಿಕ್ಕಿತು. ಅವರು ಯಾರಿಗೂ ಹೇಳದೆ ನಾಣ್ಯ ಮಾರಲು ಹೊರಟು ಜೈಲು ಸೇರಿದರು. ಹೆಚ್ಚಿನ ನಾಣ್ಯ ಎಲ್ಲಿ ಚದುರಿತೋ ಪತ್ತೆಯಿಲ್ಲ.

ಕಾನೂನು ಅಂದರೆ ನಿನಗೆ ಆಕಳಿಕೆ, ಚಿಕ್ಕದಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಒಡೆಯನಿಲ್ಲದ ನೆಲವಿಲ್ಲ, ಕೇಳದೆ ಕಾಲಿಡಬೇಡ, ಸಿಕ್ಕಿದ್ದರಲ್ಲಿ ಯಾರಿಗೆಷ್ಟು ಅಂತ ಮೊದಲೇ ಕಾಗದದ ಮೇಲೆ ಬರೆದುಕೊ. ಸರ್ಕಾರ ಸಂರಕ್ಷಿಸಿದ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಯಂತ್ರ ಆಡಿಸುವುದೇ ಅಪರಾಧ. 1996ರ ನಿಧಿ ಕಾಯ್ದೆಯ ಪ್ರಕಾರ 300 ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ಒಡವೆ, ಅಥವಾ ಒಂದೇ ಕಡೆ ಅಂಥ ಎರಡು ನಾಣ್ಯ ಸಿಕ್ಕರೂ 14 ದಿನದೊಳಗೆ ಕಾರೋನರ್ ಅನ್ನೋ ಅಧಿಕಾರಿಗೆ ತಿಳಿಸಬೇಕು. ನೀನು ಪ್ರಾಚ್ಯವಸ್ತು ಅಧಿಕಾರಿಗೆ ಹೇಳಿದರೆ ದಾರಿ ಅವರೇ ತೋರಿಸುತ್ತಾರೆ. ಮಹಾಯುದ್ಧದ ಕಾಲದ ಬಾಂಬಿನಂಥದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಫೋನ್ ಮಾಡು, ಈ ಕಡೆ ಅದು ಅಪರೂಪವಲ್ಲ.

ಇನ್ನೊಂದು. ಡಿಸೆಂಬರಿಗೆ ಊರಿಗೆ ಹೋಗುವಾಗ ಇದನ್ನೂ ತಗೊಂಡು ಹೋಗಿ ಅಜ್ಜನ ಅಡಿಕೆ ತೋಟದಲ್ಲಿ ನೋಡ್ತೀನಿ ಅಂದೆಯಲ್ಲ, ಅದು ಬೇಡ ಕಣೋ. ಅಲ್ಲಿಯೂ ನಿಧಿಗೆ ಕಾಯ್ದೆ ಇದೆ, ನೆಲದಲ್ಲಿ ಹುದುಗಿದ್ದು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಕಾಯ್ದೆಗಿಂತ ಜನದ್ದೇ ನನಗೆ ಭಯ. ನಿಧಿಯ ಆಸೆಗೆ ಪಾಳು ಗುಡಿಗಳ ನಂದಿ ಒಡೆದು, ಲಿಂಗ ಕಿತ್ತು ಗುಂಡಿ ತೋಡುವವರು ನಮ್ಮ ಜಿಲ್ಲೆಗಳಲ್ಲಿ ಕಡಿಮೆಯೇನಿಲ್ಲ. ಲಂಡನ್ನಿನಿಂದ ಯಂತ್ರ ತಂದಿದ್ದಾನೆ ಅನ್ನೋ ಸುದ್ದಿ ಸಂಜೆಯೊಳಗೆ ಸಂತೆ ಮುಟ್ಟುತ್ತದೆ. ಆಮೇಲೆ ಅಜ್ಜನ ತೋಟಕ್ಕೆ ರಾತ್ರಿ ಕಾವಲು ಯಾರು ಕೂರುತ್ತಾರೆ?

ಹಿತ್ತಲಲ್ಲಿ ಒಂದು ವಾರ ಕೈ ಪಳಗಲಿ. ಆಮೇಲಿನ ಭಾನುವಾರ ಇಲ್ಲಿಗೆ ಬಾ, ಚಿತ್ರಾನ್ನ ಕಟ್ಟಿಕೊಂಡು ಹೋಗೋಣ. ಹೋಗುವ ಹೊಲದ ರೈತನ ಟ್ರ್ಯಾಕ್ಟರಿನ ಕೊಂಡಿ ಪಿನ್ನು ಬಿದ್ದುಹೋಗಿ ಮೂರು ವಾರವಾಯಿತು. ಓಕ್ ಮರದ ಕಡೆಯ ಸಾಲುಗಳಲ್ಲೇ ಎಲ್ಲೋ ಇದೆಯಂತೆ. ಪಿನ್ನು ಬರೀ ಕಬ್ಬಿಣ, ಗೊರಗೊರ ಅನ್ನುತ್ತದೆ. ನಿನ್ನ ಹೊಸ ಯಂತ್ರಕ್ಕೆ ಅದೇ ಮೊದಲ ಕೆಲಸ.