ಡೇಟಾಬೇಸನ್ನು ಜಾಲತಾಣಕ್ಕೆ ಜೋಡಿಸುವ ಬಗೆ

ವಿದ್ಯಾರ್ಥಿಗಳೇ, ಶಾಲೆಯ ಗ್ರಂಥಾಲಯದ ಲೆಕ್ಕವೆಲ್ಲ ಕಚೇರಿಯ ಗಣಕದಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸಿನಲ್ಲಿದೆಯೆಂದು ಭಾವಿಸಿರಿ. ಅದರ ಪುಸ್ತಕಪಟ್ಟಿಯನ್ನು ಜಾಲತಾಣದಲ್ಲಿ ತೋರಿಸುವುದೆಂತು?

1992ರಲ್ಲಿ ಹೊರಬಂದ ಆಕ್ಸೆಸ್ ಕಚೇರಿಯ ಕೆಲವರ ಬಳಕೆಗೆ ತಕ್ಕುದು. ಅದರ ಕಡತವು 2 ಗಿಗಾಬೈಟನ್ನು ಮೀರಲಾರದು. ಆ ಕಡತವನ್ನೇ ಜಾಲತಾಣದ ತೆರೆದ ಕೋಶದಲ್ಲಿಟ್ಟರೆ ಯಾರಾದರೂ ಅದನ್ನು ಇಡಿಯಾಗಿ ಇಳಿಸಿಕೊಂಡಾರು. ಪುಸ್ತಕ ಪಡೆದ ಮಕ್ಕಳ ಹೆಸರು, ವಿಳಾಸಗಳೂ ಪರರ ಪಾಲಾದಾವು.

ಆದುದರಿಂದ ಕೋಷ್ಟಕಗಳನ್ನು ಮೈಎಸ್‌ಕ್ಯೂಎಲ್‌ನಂತಹ ಡೇಟಾಬೇಸ್ ಸರ್ವರಿನಲ್ಲಿರಿಸಿ, ಓಡಿಬಿಸಿ ಎಂಬ ಸೇತುವೆಯಿಂದ ಆಕ್ಸೆಸನ್ನು ಅದಕ್ಕೆ ಜೋಡಿಸುವುದು ಲೇಸು. ಕಚೇರಿಯವರಿಗೆ ಹಳೆಯ ನಮೂನೆಗಳೇ ಉಳಿಯುವುವು. ಜಾಲಪುಟವನ್ನು ಪಿಎಚ್‌ಪಿ ಭಾಷೆಯಲ್ಲಿ ಬರೆದು, ಪುಸ್ತಕಪಟ್ಟಿಯನ್ನು ಓದುವ ಅಧಿಕಾರವನ್ನಷ್ಟೇ ಅದಕ್ಕೆ ಕೊಡಬೇಕು. ಅಕ್ಷರಗಳೆಲ್ಲ ಯೂನಿಕೋಡಿನಲ್ಲಿರಲಿ, ಇಲ್ಲವಾದರೆ ಕನ್ನಡದ ಹೆಸರುಗಳು ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗುವುವು.

ಪೋಷಕರೂ ಸಾಧನದ ಬೆಲೆಯನ್ನು ಕೇಳುವ ಮೊದಲು, ಮಕ್ಕಳ ವಿವರಗಳಿಗೆ ಅದರಲ್ಲಿರುವ ರಕ್ಷಣೆಯನ್ನು ವಿಚಾರಿಸತಕ್ಕದ್ದು.